ಫಾದರ್ ಒಂದು ಹೇಳ್ತಾರೆ, ಪುಸ್ತಕ ಒಂದು ಹೇಳುತ್ತೆ: ಮಕ್ಕಳಿಗೆ ಯಾವುದನ್ನು ಕಲಿಸಲಿ?

ಪ್ರಶ್ನೆ: ಫಾದರ್, ಉಡುಪಿ ಧರ್ಮಪ್ರಾಂತ್ಯದ ಒಂದು ಸಣ್ಣ ಇಗರ್ಜಿಯಲ್ಲಿ ನಾನು 14 ವರ್ಷದಿಂದ ದೊತೊರ್ನ್ (ಮಕ್ಕಳ ಧರ್ಮೋಪದೇಶದ ತರಗತಿ) ಕಲಿಸುತ್ತಿದ್ದೇನೆ. ಈಗ ಹತ್ತನೇ ತರಗತಿ ಮತ್ತು ಪಿಯುಸಿ ಮಕ್ಕಳು ನನ್ನ ಪಾಲಿಗೆ. ಎರಡು ತಿಂಗಳ ಹಿಂದೆ ಯುವಜನರ ಶಿಬಿರಕ್ಕೆ ಹೊರಗಿನಿಂದ ಒಬ್ಬ ಫಾದರ್ ಬಂದಿದ್ದರು. 'ಗರ್ಭನಿರೋಧದ ಬಗ್ಗೆ ಪೋಪ್ ಹೇಳಿದ್ದು ಅವರ ಅಭಿಪ್ರಾಯ ಅಷ್ಟೆ, ತಪ್ಪಾಗದ ಬೋಧನೆ ಏನಲ್ಲ, ನಿಮ್ಮ ಮನಸ್ಸಾಕ್ಷಿ ಹೇಳಿದ ಹಾಗೆ ಮಾಡಿ' ಅಂದರು. ಹೆಂಗಸರಿಗೆ ಗುರುದೀಕ್ಷೆ (ಪಾದ್ರಿಯಾಗುವ ದೀಕ್ಷೆ) ಇವತ್ತಲ್ಲ ನಾಳೆ ಬಂದೇ ಬರುತ್ತದೆ ಅಂತಲೂ ಹೇಳಿದರು. ಮರುದಿನದಿಂದ ನಮ್ಮ ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಯುದ್ಧ. ಗಲ್ಫ್‌ನಿಂದ ವಾಪಸ್ ಬಂದವರೊಬ್ಬರು ದಿನಾ ವಿಡಿಯೊ ಹಾಕುತ್ತಾರೆ. ಅರವತ್ತರ ದಶಕದಲ್ಲಿ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯಿಂದಲೇ ಎಲ್ಲ ಕೆಟ್ಟಿತಂತೆ, ಪೋಪ್ ಫ್ರಾನ್ಸಿಸ್ ಸಲಿಂಗಿಗಳ ಮದುವೆಗೆ ಒಪ್ಪಿಗೆ ಕೊಟ್ಟರಂತೆ, ಕೈಯಲ್ಲಿ ಪರಮಪ್ರಸಾದ ತೆಗೆದುಕೊಳ್ಳುವುದು ಪಾಪವಂತೆ, ನಿಜವಾದ ಪೋಪ್ ಈಗ ಇಲ್ಲವೇ ಇಲ್ಲವಂತೆ. ಆ ಗುಂಪು ಮಾಡಿದ್ದು ಪೂಜೆಯ ಸಮಯ ಮತ್ತು ಮರಣದ ಸುದ್ದಿ ತಿಳಿಸಲಿಕ್ಕೆ! ಕಳೆದ ಭಾನುವಾರ ಒಬ್ಬ ಹುಡುಗಿ, 'ಟೀಚರ್, ಫಾದರ್ ಒಂದು ಹೇಳ್ತಾರೆ, ಪುಸ್ತಕ ಒಂದು ಹೇಳುತ್ತೆ, ನೀವು ಯಾವುದನ್ನು ನಂಬ್ತೀರಿ?' ಎಂದು ಕೇಳಿದಳು. ನನಗೆ ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಕೆಲವು ಬೋಧನೆ ಅರ್ಥವಾಗುವುದಿಲ್ಲ, ಹೇಳಲು ನಾಚಿಕೆ. ನನ್ನವರು, 'ನಿನಗ್ಯಾಕೆ ಊರಿನ ಉಸಾಬರಿ, ಬಿಟ್ಟುಬಿಡು' ಅನ್ನುತ್ತಾರೆ. ಬಿಷಪರಿಗೆ ಬರೆಯಬಹುದೇ? ಕಲಿಸುವುದನ್ನು ಬಿಡಲೇ? ಗುಂಪಿನಿಂದ ಹೊರಗೆ ಬರಲೇ? (ಹೆಸರು ಬೇಡ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಶಿಬಿರದ ಫಾದರ್, ವಾಟ್ಸಾಪ್ ಯುದ್ಧ, ಮನೆಯವರ ಮಾತು ಎಲ್ಲ ಇದೆ. ಆದರೆ ನಿಮ್ಮ ನಿದ್ದೆ ಕೆಡಿಸುತ್ತಿರುವುದು ನೀವು ನಡುವೆ ನುಸುಳಿಸಿದ ಒಂದು ಸಾಲು ಅನಿಸುತ್ತದೆ. 'ನನಗೂ ಕೆಲವು ಬೋಧನೆ ಅರ್ಥವಾಗುವುದಿಲ್ಲ, ಹೇಳಲು ನಾಚಿಕೆ.' ಒಳಗೆ ಒಂದು, ಹೊರಗೆ ಒಂದು ಇಟ್ಟುಕೊಂಡು ಮಕ್ಕಳ ಮುಂದೆ ನಿಲ್ಲುತ್ತಿದ್ದೇನಾ ಎಂಬ ಅಳುಕು ಅದು. ಅಲ್ಲಿಂದಲೇ ಶುರು ಮಾಡೋಣ.

ನಾಚಿಕೆ ಪಡಬೇಡಿ. ಹತ್ತು ಸಾವಿರ ತೊಡಕು ಸೇರಿದರೂ ಒಂದು ಸಂಶಯ ಆಗುವುದಿಲ್ಲ ಎಂದು ಸಂತ ಜಾನ್ ಹೆನ್ರಿ ನ್ಯೂಮನ್ 1864ರಲ್ಲೇ ಬರೆದರು. ಆಂಗ್ಲಿಕನ್ ಸಭೆ ಬಿಟ್ಟು ಕಥೋಲಿಕರಾದ ಅವರಿಗೆ ತೊಡಕು ಅಂದರೇನು ಅಂತ ಚೆನ್ನಾಗಿ ಗೊತ್ತಿತ್ತು. ರೋಮ್ ಕೂಡ 1990ರಲ್ಲಿ ದೈವಶಾಸ್ತ್ರಜ್ಞರಿಗಾಗಿ ಹೊರಡಿಸಿದ 'ದೋನುಮ್ ವೆರಿತಾತಿಸ್' ದಾಖಲೆಯಲ್ಲಿ ಇದೇ ಗೆರೆ ಎಳೆದಿದೆ. ಒಂದು ಬೋಧನೆ ಒಪ್ಪಲು ಕಷ್ಟವಾಗುತ್ತಿದೆ, ಓದುತ್ತಿದ್ದೇನೆ, ತಿಳಿದವರನ್ನು ಕೇಳುತ್ತಿದ್ದೇನೆ ಅನ್ನುವುದು ಬೇರೆ. ಅದು ತಪ್ಪು, ನನ್ನ ಮಾತು ಕೇಳಿ ಎಂದು ಮೈಕ್ ಹಿಡಿದು ಜನ ಕೂಡಿಸುವುದು ಬೇರೆ. ಮೊದಲನೆಯದು ತೊಡಕು. ಎರಡನೆಯದು ವಿರೋಧ. ನಿಮ್ಮದು ತೊಡಕು.

ನಾನು ಬಹಳ ವರ್ಷ ಸೆಮಿನರಿಯಲ್ಲಿ ಧರ್ಮಸಭೆಯ ಕಾನೂನು ಕಲಿಸಿದವನು. ಮದುವೆಯ ಪ್ರಕರಣ ನೋಡುವ ಧರ್ಮಪ್ರಾಂತ್ಯದ ಕೋರ್ಟಿನಲ್ಲೂ ಕೂತಿದ್ದೇನೆ. ಹೀಗಾಗಿ ಇಂಥ ಜಗಳಗಳ ಎರಡೂ ಬದಿ ನೋಡಿದ್ದೇನೆ. ಒಂದು ಸಲ ಜಗಳಕ್ಕೆ ನಾನೇ ಕಾರಣನೂ ಆಗಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು, ಶಿಬಿರದ ಫಾದರ್ ಹೇಳಿದ್ದರಲ್ಲಿ ಎಷ್ಟು ಸರಿ ನೋಡೋಣ. ಅದಕ್ಕೆ ಒಂದು ವಿಷಯ ಗೊತ್ತಿರಬೇಕು. ಧರ್ಮಸಭೆ ಹೇಳುವ ಎಲ್ಲ ಮಾತಿಗೂ ಒಂದೇ ತೂಕ ಇಲ್ಲ.

ನಮ್ಮ ಕಡೆಯ ಹಳೆ ಮನೆ ನೆನಪು ಮಾಡಿಕೊಳ್ಳಿ. ಪಂಚಾಂಗ, ಅಂದರೆ ಅಡಿಪಾಯ, ಒಂದು ಸಲ ಹಾಕಿದರೆ ಮುಗಿಯಿತು, ಅದನ್ನು ಯಾರೂ ಅಗೆಯುವುದಿಲ್ಲ. ಅದರ ಮೇಲೆ ಕೆಂಪುಕಲ್ಲಿನ ಗೋಡೆ. ಹೆಂಚು ಮಾತ್ರ ಪ್ರತಿ ವರ್ಷ ಮಳೆಗೆ ಮೊದಲು ಹತ್ತಿ ನೋಡಬೇಕು, ಒಡೆದದ್ದನ್ನು ತೆಗೆದು ಬೇರೆ ಹಾಕಬೇಕು. ಹೆಂಚು ಬದಲಾಯಿಸಿದವನನ್ನು ಮನೆ ಕೆಡವಿದ ಅಂತ ಯಾರೂ ಬೈಯುವುದಿಲ್ಲ, ಅಲ್ವಾ?

ಪಂಚಾಂಗ ಅಂದರೆ ದೇವರೇ ತಿಳಿಸಿದ್ದು ಎಂದು ಧರ್ಮಸಭೆ ಘೋಷಿಸಿರುವ ಸತ್ಯಗಳು. ತ್ರೈಏಕ ದೇವರು, ಯೇಸುವಿನ ಪುನರುತ್ಥಾನ, ಪರಮಪ್ರಸಾದದಲ್ಲಿ ಯೇಸು ನಿಜವಾಗಿ ಇರುವುದು ಇಂಥವು. ಪೋಪ್ ಒಬ್ಬರೇ ಅಂತಿಮವಾಗಿ ಘೋಷಿಸಿದ್ದು ತೀರ ಅಪರೂಪ. ಮರಿಯಮ್ಮನವರು ಜನ್ಮಪಾಪವಿಲ್ಲದೆ ಗರ್ಭದಲ್ಲಿ ಮೂಡಿದರು ಎಂದು 1854ರಲ್ಲಿ, ಆತ್ಮ ಶರೀರ ಸಹಿತ ಸ್ವರ್ಗಕ್ಕೆ ಎತ್ತಲ್ಪಟ್ಟರು ಎಂದು 1950ರಲ್ಲಿ. ಪೋಪರ ಈ ಅಧಿಕಾರವನ್ನು ಮೊದಲನೇ ವ್ಯಾಟಿಕನ್ ಮಹಾಸಭೆ ಸ್ಪಷ್ಟಪಡಿಸಿದ್ದು 1870ರಲ್ಲಿ. ಆಮೇಲೆ ಅದು ಬಳಕೆಯಾದದ್ದು ಆ 1950ರ ಒಂದೇ ಸಲ. ಪೋಪ್ ಬಾಯಿಬಿಟ್ಟದ್ದೆಲ್ಲ ತಪ್ಪಾಗದ ಮಾತು ಅಂತ ನಮ್ಮಲ್ಲಿ ಅರ್ಧ ಜನ ತಿಳಿದಿದ್ದಾರೆ. ನಮ್ಮ ಧರ್ಮಸಭೆಯ ಕಾನೂನೇ (749ನೇ ವಿಧಿ) ಹೇಳುತ್ತದೆ: ಸ್ಪಷ್ಟವಾಗಿ ಗೊತ್ತಾಗದ ಹೊರತು ಯಾವುದನ್ನೂ ಹಾಗೆ ಘೋಷಿತವಾದದ್ದು ಎಂದು ತಿಳಿಯಬಾರದು.

ಎರಡನೆಯದು, ದೇವರೇ ತಿಳಿಸಿದ್ದು ಎಂಬ ಘೋಷಣೆ ಇಲ್ಲದಿದ್ದರೂ, ಅಂತಿಮ, ಮತ್ತೆ ತೆರೆಯುವುದಿಲ್ಲ ಎಂದು ಹೇಳಿರುವ ಬೋಧನೆ. ಹೆಂಗಸರ ಗುರುದೀಕ್ಷೆಯ ವಿಷಯ ಇಲ್ಲಿ ಬರುತ್ತದೆ. 1994ರ ಮೇ ತಿಂಗಳಲ್ಲಿ ಪೋಪ್ ಎರಡನೇ ಜಾನ್ ಪಾಲ್, ಹಾಗೆ ಮಾಡಲು ಧರ್ಮಸಭೆಗೆ ಅಧಿಕಾರವೇ ಇಲ್ಲ, ಈ ತೀರ್ಮಾನವನ್ನು ಎಲ್ಲರೂ ಅಂತಿಮವೆಂದು ಹಿಡಿದುಕೊಳ್ಳಬೇಕು ಎಂದರು. ಪೋಪ್ ಫ್ರಾನ್ಸಿಸ್ ಕೂಡ ಇದನ್ನು ತೆರೆಯಲಿಲ್ಲ. ಅವರು ಸಮಿತಿ ಮಾಡಿ ಅಧ್ಯಯನಕ್ಕೆ ಬಿಟ್ಟದ್ದು ಮಹಿಳಾ ಡೀಕನ್‌ಗಳ (ಗುರುವಿಗಿಂತ ಒಂದು ಮೆಟ್ಟಿಲು ಕೆಳಗಿನ ಸೇವಕರು) ಪ್ರಶ್ನೆಯನ್ನು. ಜನ ಇವೆರಡನ್ನೂ ಕಲಸಿಬಿಡುತ್ತಾರೆ. ಹಾಗಾಗಿ 'ಇವತ್ತಲ್ಲ ನಾಳೆ ಬಂದೇ ಬರುತ್ತದೆ' ಅಂದದ್ದು ಸರಿಯಲ್ಲ. ಅದು ಫಾದರ್ ಅವರ ಆಸೆ ಇರಬಹುದು. ಆಸೆಯನ್ನು ಸುದ್ದಿಯ ಹಾಗೆ ಹೇಳಬಾರದಿತ್ತು.

ಮೂರನೆಯದರಲ್ಲೇ ಗಲಾಟೆ ಜಾಸ್ತಿ. ಪೋಪ್ ಮತ್ತು ಬಿಷಪರು ಅಧಿಕಾರದಿಂದ ಕಲಿಸುತ್ತಾರೆ, ಆದರೆ ಅಂತಿಮ ಘೋಷಣೆ ಮಾಡಿರುವುದಿಲ್ಲ. ಪೋಪರ ವಿಶ್ವಪತ್ರಗಳಲ್ಲಿ ಇರುವುದು ಬಹುಪಾಲು ಇಂಥದು. ಇದಕ್ಕೆ 752ನೇ ಕಾನೂನು ಬುದ್ಧಿ ಮತ್ತು ಮನಸ್ಸಿನ ವಿಧೇಯತೆ ಕೇಳುತ್ತದೆ. ಅಂದರೆ, 'ಇದು ಸರಿ ಇರಬೇಕು, ನನಗೆ ಕಾಣದಿದ್ದರೆ ನನ್ನ ಕಣ್ಣನ್ನೂ ಒಮ್ಮೆ ಪರೀಕ್ಷೆ ಮಾಡಿಕೊಳ್ಳಬೇಕು' ಎಂಬ ಕಡೆಯಿಂದ ಶುರು ಮಾಡುವುದು.

ಇನ್ನು ಹೆಂಚು. ಪೂಜೆಯ ಭಾಷೆ, ಶುಕ್ರವಾರದ ಮಾಂಸ, ಪ್ರಸಾದ ಕೈಗೋ ನಾಲಗೆಗೋ ಎನ್ನುವುದೆಲ್ಲ ಶಿಸ್ತು. ಬದಲಾಗಬಹುದು, ಬದಲಾಗಿದೆ ಕೂಡ. ಹಾಗಂತ ಹಗುರ ಅಂದುಕೊಳ್ಳಬೇಡಿ. ಪಕ್ಕದ ಕೇರಳದ ಎರ್ನಾಕುಲಂನಲ್ಲಿ ಪೂಜೆಯ ಹೊತ್ತಿಗೆ ಫಾದರ್ ಯಾವ ಕಡೆ ಮುಖ ಮಾಡಬೇಕು ಎಂಬ ಜಗಳದಲ್ಲಿ 2022ರಲ್ಲಿ ಬೆಸಿಲಿಕಕ್ಕೇ ಬೀಗ ಬಿತ್ತು. ಹೆಂಚಿನ ಜಗಳಕ್ಕೂ ಮನೆ ಒಡೆಯುತ್ತದೆ.

ಈಗ ಗರ್ಭನಿರೋಧದ ವಿಷಯ. 1968ರ ಜುಲೈ 25ರ ದಿನಾಂಕದ 'ಹ್ಯುಮಾನೆ ವೀತೆ' ಪೋಪ್ ಆರನೇ ಪಾಲ್ ಅವರ ವಿಶ್ವಪತ್ರ. ಅದನ್ನು ಪತ್ರಕರ್ತರ ಮುಂದೆ ಇಟ್ಟ ವ್ಯಾಟಿಕನ್ನಿನ ಮೊನ್ಸಿಂಜೊರ್ ಅವರೇ ಅಂದು, ಇದು ತಪ್ಪಾಗದ ಘೋಷಣೆಯ ರೂಪದಲ್ಲಿಲ್ಲ ಅಂದಿದ್ದರು. ಹಾಗಾಗಿ ಶಿಬಿರದ ಫಾದರ್ ಹೇಳಿದ ಅರ್ಧಕ್ಕೆ ಆಧಾರ ಇದೆ. 'ಅಭಿಪ್ರಾಯ ಅಷ್ಟೆ' ಅಂದ ಇನ್ನರ್ಧಕ್ಕೆ ಇಲ್ಲ. ಪೋಪ್ ಊಟಕ್ಕೆ ಕೂತಾಗ ಆಡಿದ ಮಾತಲ್ಲ ಅದು. ಈ ಪ್ರಶ್ನೆ ನೋಡಲು ಮಾಡಿದ್ದ ಸಮಿತಿಯ ಬಹುಮತ ಬದಲಾವಣೆಯ ಕಡೆ ಇದ್ದಾಗಲೂ, ವರ್ಷಗಟ್ಟಲೆ ಯೋಚಿಸಿ, ಜನ ಬೈಯುತ್ತಾರೆ ಅಂತ ಗೊತ್ತಿದ್ದೇ ಇಡೀ ಧರ್ಮಸಭೆಗೆ ಕೊಟ್ಟ ಬೋಧನೆ. ಮುಂದಿನ ಪೋಪರೂ ಅದನ್ನೇ ಕಲಿಸಿದರು, ಧರ್ಮಸಭೆಯ ಅಧಿಕೃತ ಬೋಧನೆಯ ಪುಸ್ತಕವಾದ 1992ರ ಕ್ಯಾಟಕಿಸಂನಲ್ಲೂ ಇದೆ.

ಒಂದು ಮಾತು ಸೇರಿಸುತ್ತೇನೆ. ಈ ಪತ್ರಕ್ಕಾಗಿ ಜಗಳ ಮಾಡುವ ಹತ್ತರಲ್ಲಿ ಒಂಬತ್ತು ಜನ ಅದನ್ನು ಓದಿರುವುದಿಲ್ಲ. ಬರೀ 31 ಪ್ಯಾರಾ, ಒಂದು ಸಂಜೆಗೆ ಮುಗಿಯುತ್ತದೆ. ಮದುವೆ ತಯಾರಿಯ ಶಿಬಿರಗಳಲ್ಲಿ ಹುಡುಗಿಯರು ಒಂದು ಪ್ರಶ್ನೆ ಕೇಳುತ್ತಿದ್ದರು. ಎಲ್ಲರ ಮುಂದೆ ಅಲ್ಲ, ಚಹಾದ ಹೊತ್ತಿಗೆ ಬದಿಗೆ ಬಂದು. ಪಿಸಿಒಡಿಗೆ ಡಾಕ್ಟರು ಹಾರ್ಮೋನ್ ಮಾತ್ರೆ ಬರೆದಿದ್ದಾರೆ ಫಾದರ್, ಪಾಪವಾಗುತ್ತದಾ ಅಂತ. ಆ ಪತ್ರದ 15ನೇ ಪ್ಯಾರಾದಲ್ಲೇ ಉತ್ತರ ಇದೆ: ಕಾಯಿಲೆಗೆ ಬೇಕಾದ ಚಿಕಿತ್ಸೆಯಿಂದ ಗರ್ಭಕ್ಕೆ ತಡೆಯಾದರೂ, ಆ ತಡೆಯೇ ಉದ್ದೇಶವಲ್ಲದಿದ್ದರೆ ತಪ್ಪಲ್ಲ. ಆದಷ್ಟು ಮಕ್ಕಳು ಹೆರಬೇಕು ಎಂದೂ ಅದು ಹೇಳುವುದಿಲ್ಲ. ಆರೋಗ್ಯ, ಹಣಕಾಸು, ಮನೆಯ ಸ್ಥಿತಿ ನೋಡಿ ಗಂಡ ಹೆಂಡತಿ ಸೇರಿ ತೀರ್ಮಾನಿಸಿ, ಗಂಭೀರ ಕಾರಣ ಇದ್ದರೆ ಗರ್ಭ ನಿಲ್ಲದ ದಿನಗಳನ್ನು ನೋಡಿಕೊಂಡು ಅಂತರ ಇಡಬಹುದು ಎನ್ನುತ್ತದೆ. ಒಪ್ಪುವುದು ಬಿಡುವುದು ಆಮೇಲೆ, ಮೊದಲು ಅಲ್ಲಿ ಏನು ಬರೆದಿದೆ ಅಂತ ಗೊತ್ತಿರಲಿ.

'ಮನಸ್ಸಾಕ್ಷಿ ಹೇಳಿದ ಹಾಗೆ ಮಾಡಿ' ಎಂಬ ಮಾತು ಕೂಡ ಹೀಗೇ ಅರ್ಧ. ನ್ಯೂಮನ್ 1875ರಲ್ಲಿ ಬರೆದ ಒಂದು ಪತ್ರ ಪ್ರಸಿದ್ಧ. ಊಟದ ಮೇಜಿನಲ್ಲಿ ಲೋಟ ಎತ್ತಬೇಕಾಗಿ ಬಂದರೆ ಪೋಪರ ಹೆಸರಿಗೆ ಎತ್ತುತ್ತೇನೆ, ಆದರೆ ಮೊದಲು ಮನಸ್ಸಾಕ್ಷಿಗೆ ಅಂದರು. ಈ ಸಾಲನ್ನು ಎಲ್ಲರೂ ಹೇಳುತ್ತಾರೆ. ಅದೇ ಪತ್ರದಲ್ಲಿ, ಈಗಿನವರು ಮನಸ್ಸಾಕ್ಷಿ ಅಂತ ಕರೆಯುವುದು ಬರೀ ತನ್ನಿಷ್ಟದಂತೆ ನಡೆಯುವ ಹಕ್ಕನ್ನು ಎಂದೂ ಬರೆದರು. ಅದನ್ನು ಯಾರೂ ಹೇಳುವುದಿಲ್ಲ! ಮನಸ್ಸಾಕ್ಷಿಯ ಖಚಿತ ತೀರ್ಪಿಗೆ ವಿಧೇಯರಾಗಬೇಕು ಎಂದು ಕ್ಯಾಟಕಿಸಂ ಹೇಳುತ್ತದೆ. ಅದನ್ನು ದೇವರ ವಾಕ್ಯದಿಂದ, ಧರ್ಮಸಭೆಯ ಬೋಧನೆಯಿಂದ, ತಿಳಿದವರ ಸಲಹೆಯಿಂದ ತಿದ್ದಿಕೊಳ್ಳುತ್ತಲೇ ಇರಬೇಕು ಎಂದೂ ಹೇಳುತ್ತದೆ. ಪಾಪನಿವೇದನೆಯ ಪೀಠದಲ್ಲಿ ಬಹಳ ವರ್ಷ ಕೂತ ಮೇಲೆ ನನಗೆ ಕಂಡದ್ದು ಇಷ್ಟು. ಮನಸ್ಸಾಕ್ಷಿಗೆ ನಿಜವಾಗಿ ಕಿವಿಗೊಟ್ಟವರು ನಮಗೆ ಅನುಕೂಲವಾಗದ ಉತ್ತರವನ್ನೂ ಆಗಾಗ ಹೊತ್ತು ತರುತ್ತಾರೆ. ಯಾವಾಗಲೂ ಅನುಕೂಲದ ಉತ್ತರವೇ ಬರುತ್ತಿದ್ದರೆ ಮಾತಾಡುತ್ತಿರುವುದು ಬೇರೆ ಏನೋ.

ಈಗ ಇನ್ನೊಂದು ಬದಿ, ವಿಡಿಯೊಗಳು. 2023ರ ಡಿಸೆಂಬರ್ 18ರ 'ಫಿದೂಚಿಯ ಸುಪ್ಲಿಕಾನ್ಸ್' ಎಂಬ ವ್ಯಾಟಿಕನ್ ದಾಖಲೆ ಸಲಿಂಗ ಮದುವೆಗೆ ಒಪ್ಪಿಗೆ ಕೊಟ್ಟಿಲ್ಲ. ಮದುವೆ ಎಂದರೆ ಒಂದು ಗಂಡು ಒಂದು ಹೆಣ್ಣಿನ ಸಂಬಂಧ, ಬೋಧನೆ ಬದಲಾಗಿಲ್ಲ ಎಂದು ಅದರಲ್ಲೇ ಇದೆ. ಹಾದಿಯಲ್ಲಿ ಬಂದು ಕೇಳಿಕೊಂಡ ಅಂಥ ಜೋಡಿಗಳಿಗೆ, ಪೂಜಾವಿಧಿ ಇಲ್ಲದೆ, ಮದುವೆಯ ಬಟ್ಟೆಬರೆ ಇಲ್ಲದೆ ಕೊಡುವ ಸಣ್ಣ ಆಶೀರ್ವಾದದ ಮಾತು ಅದು. ಆಮೇಲಿನ ವಿವರಣೆಯಲ್ಲಿ 10–15 ಸೆಕೆಂಡಿನ ಪ್ರಾರ್ಥನೆ ಎಂದು ಲೆಕ್ಕವನ್ನೂ ಕೊಟ್ಟರು. ಇಷ್ಟಾದರೂ ಆಫ್ರಿಕಾದ ಬಿಷಪರಿಗೆ ಸಮಾಧಾನವಾಗಲಿಲ್ಲ. ಅವರು ಏನು ಮಾಡಿದರು? ಅವರ ಮುಖ್ಯಸ್ಥ ಕಾರ್ಡಿನಲ್ ರೋಮಿಗೆ ಹೋದರು, ಕೂತು ಮಾತಾಡಿದರು. 2024ರ ಜನವರಿಯಲ್ಲಿ, ನಮ್ಮಲ್ಲಿ ಇದು ಸರಿಹೋಗುವುದಿಲ್ಲ, ನಾವು ಕೊಡುವುದಿಲ್ಲ, ಪೋಪರ ಜೊತೆಗಿನ ಒಗ್ಗಟ್ಟಿನಲ್ಲೇ ಇದ್ದೇವೆ ಎಂದು ಹೇಳಿಕೆ ಕೊಟ್ಟರು. ಒಪ್ಪದಿರುವುದು ಹೇಗೆ ಅಂತ ನೋಡಬೇಕಾದರೆ ಇದನ್ನು ನೋಡಿ.

ಕೈಯಲ್ಲಿ ಪ್ರಸಾದದ ವಿಷಯ ಹೆಂಚಿನದು. ರೋಮ್ ಅನುಮತಿ ಕೊಟ್ಟ ದೇಶಗಳಲ್ಲಿ ಕೈಯಲ್ಲಿ ತೆಗೆದುಕೊಳ್ಳಬಹುದು. ನಾಲಗೆಯ ಮೇಲೆ ಬೇಕು ಅನ್ನುವವರಿಗೆ ಯಾರೂ ಇಲ್ಲ ಅನ್ನುವ ಹಾಗಿಲ್ಲ. ಇಷ್ಟೇ. 'ನಿಜವಾದ ಪೋಪ್ ಇಲ್ಲ' ಅನ್ನುವುದು ಮಾತ್ರ ತಮಾಷೆಯಲ್ಲ. ಫ್ರಾನ್ಸಿಸ್ 2025ರ ಏಪ್ರಿಲ್ 21ರಂದು ತೀರಿಕೊಂಡರು, ಮೇ 8ರಂದು ಹದಿನಾಲ್ಕನೇ ಲಿಯೊ ಆಯ್ಕೆಯಾದರು. ಪೋಪರ ಅಧಿಕಾರವನ್ನೇ ಒಲ್ಲೆ ಅನ್ನುವುದಕ್ಕೆ ನಮ್ಮ ಕಾನೂನಿನಲ್ಲಿ (751) ಹೆಸರು ಇದೆ, ಸಭಾಭೇದ. ಫ್ರಾನ್ಸಿಸರ ಅಧಿಕಾರವನ್ನೂ ಎರಡನೇ ವ್ಯಾಟಿಕನ್ ಮಹಾಸಭೆಯನ್ನೂ ತಿರಸ್ಕರಿಸಿದ ಆರ್ಚ್‌ಬಿಷಪ್ ವಿಗಾನೊ ಅವರನ್ನು 2024ರ ಜುಲೈನಲ್ಲಿ ಇದೇ ಕಾರಣಕ್ಕೆ ಬಹಿಷ್ಕೃತರೆಂದು ಸಾರಿದರು. ಪ್ರತಿ ವಾಟ್ಸಾಪ್ ಗುಂಪಿನಲ್ಲೂ ಲೋಕವೆಲ್ಲ ತಪ್ಪು, ತಾನೊಬ್ಬ ಸರಿ ಎಂದು ನಂಬಿದ ಒಬ್ಬ ಸಂತ ಅಥನಾಸಿಯುಸ್ (ಸತ್ಯಕ್ಕಾಗಿ ಬಹುಮತದ ಎದುರು ನಿಂತ ನಾಲ್ಕನೇ ಶತಮಾನದ ಬಿಷಪ್) ಇರುತ್ತಾರೆ. ಚರಿತ್ರೆಯಲ್ಲಿ ಮಾತ್ರ ಒಬ್ಬರೇ ಇದ್ದದ್ದು.

ಶಿಬಿರದ ಫಾದರ್ ಪೋಪರ ಬೋಧನೆಯಲ್ಲಿ ತಮಗೆ ಬೇಕಾದ್ದನ್ನು ಆರಿಸುತ್ತಾರೆ. ಗಲ್ಫ್‌ನಿಂದ ಬಂದವರು ಪೋಪರನ್ನೇ ಆರಿಸುತ್ತಾರೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಕೂತಿರುವುದು ಒಂದೇ ಬೆಂಚಿನಲ್ಲಿ.

ಇದು ಬಂತೆಲ್ಲಿಂದ? ಎಲ್ಲರೂ ಮೊಬೈಲನ್ನು ದೂರುತ್ತಾರೆ. ಮೊಬೈಲಿಗಿಂತ ಮೊದಲೇ ಇತ್ತು. ನಮ್ಮ ಅಜ್ಜಿಗೆ ಲ್ಯಾಟಿನ್ ಪೂಜೆಯ ಒಂದು ಅಕ್ಷರ ತಿಳಿಯುತ್ತಿರಲಿಲ್ಲ. ಫಾದರ್ ಆ ಕಡೆ ಮುಖ ಮಾಡಿ ಪೂಜೆ ಮಾಡುತ್ತಿದ್ದರೆ ಇವರು ಈ ಕಡೆ ಜಪಸರ ಹೇಳುತ್ತಿದ್ದರು. ಅರವತ್ತರ ದಶಕದಲ್ಲಿ ಪೂಜೆ ಕೊಂಕಣಿಗೆ ಬಂತು, ಪೀಠ ಜನರ ಕಡೆ ತಿರುಗಿತು. ಅಜ್ಜಿ ಮನೆಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ: 'ಇಷ್ಟು ವರ್ಷ ದೇವರಿಗೆ ಕೊಂಕಣಿ ಬರುತ್ತಿರಲಿಲ್ವಾ?' ನಾವೆಲ್ಲ ನಕ್ಕೆವು. ಆದರೆ ಅಜ್ಜಿಗೆ ಕಲಿಸಿದ್ದು ಹಾಗೆ. ದೊತೊರ್ನಿನ ಪ್ರಶ್ನೋತ್ತರ ಬಾಯಿಪಾಠ ಮಾಡಿಸುವಾಗ ತ್ರೈಏಕ ದೇವರಿಗೂ ಶುಕ್ರವಾರದ ಮೀನಿಗೂ ಒಂದೇ ದನಿ, ಒಂದೇ ಬೆತ್ತ. ಎಲ್ಲವೂ ಪಂಚಾಂಗ ಅಂತ ಕಲಿತವರಿಗೆ ಒಂದು ಹೆಂಚು ಸರಿದರೂ ಭೂಕಂಪ. ಅವರಲ್ಲಿ ಕೆಲವರು 'ಹಾಗಾದರೆ ಎಲ್ಲವನ್ನೂ ಬದಲಾಯಿಸಬಹುದು' ಅಂದರು. ಕೆಲವರು 'ಬದಲಾಯಿಸಿದವರೇ ಕಳ್ಳರು' ಅಂದರು. ಅದರ ಮೇಲೆ ಗುರುಗಳಿಂದ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯ, ಅದನ್ನು ಮುಚ್ಚಿಟ್ಟ ಬಿಷಪರು. ಅದು ಹೊರಬಂದ ಮೇಲೆ 'ನೀವು ನಮಗೆ ನೀತಿ ಹೇಳುವವರಾ?' ಎಂದು ಕೇಳಿದರೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಈಗ ನನ್ನ ತಪ್ಪು. ದೀಕ್ಷೆಯಾಗಿ ಎರಡು ವರ್ಷ ಆಗಿತ್ತು, ಹೊಸದಾಗಿ ಓದಿಕೊಂಡು ಬಂದ ಹುರುಪು. ಒಂದು ಭಾನುವಾರ ಪ್ರಸಂಗದಲ್ಲಿ 'ಲಿಂಬೊ ಅನ್ನುವುದೆಲ್ಲ ಹಳೆಯ ಕಟ್ಟುಕಥೆ' ಅಂದುಬಿಟ್ಟೆ. ಜ್ಞಾನಸ್ನಾನವಿಲ್ಲದೆ ಸತ್ತ ಮಕ್ಕಳು ಸ್ವರ್ಗವೂ ನರಕವೂ ಅಲ್ಲದ ಕಡೆ ಇರುತ್ತಾರೆ ಎನ್ನುತ್ತಿದ್ದರಲ್ಲ, ಅದೇ ಲಿಂಬೊ. ಪೂಜೆ ಮುಗಿದ ಮೇಲೆ ಒಬ್ಬ ವಯಸ್ಸಾದ ತಾಯಿ ಸಕ್ರಿಸ್ತಿಯ (ಫಾದರ್ ಪೂಜೆಗೆ ತಯಾರಾಗುವ ಕೋಣೆ) ಬಾಗಿಲಲ್ಲಿ ನಿಂತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. 'ಫಾದರ್, ನನ್ನ ಚೊಚ್ಚಲ ಮಗು ಜ್ಞಾನಸ್ನಾನಕ್ಕೆ ಮೊದಲೇ ಹೋಯಿತು. ಆಗಿನ ಫಾದರ್ ಲಿಂಬೊದಲ್ಲಿ ಇದೆ ಅಂದರು. ಮೂವತ್ತು ವರ್ಷ ಹಾಗೇ ನಂಬಿದೆ. ನೀವು ಲಿಂಬೊ ಇಲ್ಲ ಅಂತೀರಿ. ಹಾಗಾದರೆ ನನ್ನ ಮಗು ಎಲ್ಲಿದೆ?' ನನಗೂ ನಿಮ್ಮ ಹಾಗೆ ಬಾಯಿ ಬರಲಿಲ್ಲ. ಲಿಂಬೊ ಯಾವತ್ತೂ ಘೋಷಿತ ಬೋಧನೆ ಆಗಿರಲಿಲ್ಲ, ದೈವಶಾಸ್ತ್ರಜ್ಞರ ಒಂದು ಊಹೆ. ಆಗಿನ ಫಾದರ್ ಅದನ್ನು ಪಂಚಾಂಗದ ಹಾಗೆ ಹೇಳಿದ್ದರು, ನಾನು ಕಸದ ಹಾಗೆ ಎಸೆದೆ. ನಡುವೆ ಆ ತಾಯಿ. ಅಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ ಎಂದು 1992ರ ಕ್ಯಾಟಕಿಸಂ ಹೇಳಿತು. 2007ರಲ್ಲಿ ರೋಮಿನ ದೈವಶಾಸ್ತ್ರ ಆಯೋಗ, ಅವರು ರಕ್ಷಣೆ ಹೊಂದುತ್ತಾರೆಂದು ಆಶಿಸಲು ಬಲವಾದ ಕಾರಣಗಳಿವೆ ಎಂದು ವಿವರವಾಗಿ ಬರೆಯಿತು. ಅಷ್ಟು ಹೊತ್ತಿಗೆ ಆ ತಾಯಿ ತೀರಿಕೊಂಡಿದ್ದರು.

ಇನ್ನು ನಿಮ್ಮ ಮುಂದಿರುವ ದಾರಿಗಳು.

ಮೊದಲು ಆ ಹುಡುಗಿಗೆ ಉತ್ತರ, ಅವಳು ಕಾಯುತ್ತಿದ್ದಾಳೆ. ತರಗತಿಯಲ್ಲಿ ನೀವು ನಿಮ್ಮ ಪರವಾಗಿ ನಿಂತಿಲ್ಲ. ನಿಮ್ಮ ಇಗರ್ಜಿಯ ಮುಖ್ಯ ಗುರುಗಳಾದ ವಿಗಾರರು ಧರ್ಮಸಭೆಯ ಪರವಾಗಿ ಕಲಿಸಲು ನಿಮ್ಮನ್ನು ನಿಲ್ಲಿಸಿದ್ದಾರೆ. ಆದ್ದರಿಂದ ಪುಸ್ತಕದಲ್ಲಿ ಇರುವುದನ್ನು, ಅದರ ಕಾರಣಗಳ ಸಮೇತ, ಪೂರ್ತಿ ಹೇಳಿ. ಹೀಗೆ ಹೇಳಬಹುದು: 'ನಾನು ಇಲ್ಲಿ ಕಲಿಸುವುದು ಧರ್ಮಸಭೆಯ ಬೋಧನೆ. ಅದನ್ನು ನಂಬಿಯೇ ನಿಂತಿದ್ದೇನೆ. ಎಲ್ಲವೂ ನನಗೆ ಸಲೀಸಾಗಿ ಅರ್ಥವಾಗಿದೆ ಅಂತಲ್ಲ. ಅರ್ಥವಾಗದ್ದನ್ನು ಸೇರಿ ಓದೋಣ.' ಪಿಯುಸಿ ಮಕ್ಕಳು ಪ್ರಾಮಾಣಿಕರನ್ನು ಬೇಗ ಗುರುತಿಸುತ್ತಾರೆ. ಫಾದರ್ ತಪ್ಪು ಅಂತ ಅಲ್ಲಿ ಹೇಳಬೇಡಿ. 'ಫಾದರ್ ಹೇಳಿದ್ದರ ಒಂದು ಭಾಗ ಸರಿ, ಒಂದು ಭಾಗ ಹೀಗಿದೆ' ಅಂದರೆ ಸಾಕು. ಇನ್ನೊಂದು ವಿಷಯ. ಆ ಬೆಂಚುಗಳಲ್ಲಿ ಕೂತ ಮಕ್ಕಳಲ್ಲಿ ಯಾರ ಅಪ್ಪ ಅಮ್ಮ ಬೇರೆ ಇದ್ದಾರೆ, ಯಾವ ಹುಡುಗ ತಾನು ಬೇರೆ ಥರ ಅಂತ ಒಳಗೊಳಗೇ ಹೆದರುತ್ತಿದ್ದಾನೆ, ನಿಮಗೆ ಗೊತ್ತಿರುವುದಿಲ್ಲ. ಸಲಿಂಗಿಗಳನ್ನು ಗೌರವ, ಕರುಣೆ, ಸೂಕ್ಷ್ಮತೆಯಿಂದ ಕಾಣಬೇಕು ಎಂದು ಕ್ಯಾಟಕಿಸಂ (2358) ಹೇಳುವುದೂ ಧರ್ಮಸಭೆಯ ಬೋಧನೆಯೇ. ವಿಡಿಯೊ ಹಾಕುವವರು ಅದನ್ನು ಹಾಕುವುದಿಲ್ಲ.

ಎರಡನೆಯದು, ಶಿಬಿರದ ಫಾದರ್ ಜೊತೆ ನೇರವಾಗಿ ಮಾತಾಡುವುದು. ಅಂತಿಯೋಕ್ಯದಲ್ಲಿ ಪೌಲರು ಪೇತ್ರರನ್ನು ಎದುರಿಸಿದ್ದು ಮುಖಾಮುಖಿ (ಗಲಾತ್ಯ 2:11). ಫಾರ್ವರ್ಡ್ ಮಾಡಲಿಲ್ಲ. 'ಫಾದರ್, ನೀವು ಹೀಗೆ ಹೇಳಿದ ಹಾಗೆ ನನಗೆ ಕೇಳಿಸಿತು, ಸರಿಯಾಗಿ ಕೇಳಿಸಿಕೊಂಡೆನಾ?' ಎಂದು ಶುರು ಮಾಡಿ. ನನ್ನ ಅನುಭವದಲ್ಲಿ ದೂರುಗಳಲ್ಲಿ ಅರ್ಧ ಇಲ್ಲೇ ಮುಗಿಯುತ್ತದೆ, ಯಾಕೆಂದರೆ ಅರ್ಧ ಕೇಳಿಸಿಕೊಂಡದ್ದೇ ತಪ್ಪಾಗಿರುತ್ತದೆ. ಅಪಾಯವೂ ಇದೆ. ಅವರಿಗೆ ಸಿಟ್ಟು ಬರಬಹುದು, 'ಓ, ಆ ಟೀಚರ್' ಅಂತ ನಿಮಗೊಂದು ಹಣೆಪಟ್ಟಿ ಅಂಟಬಹುದು. ಸಣ್ಣ ಊರಿನಲ್ಲಿ ಅದು ಬೇಗ ಬಿಡುವುದಿಲ್ಲ. ಹೋಗುವ ಮೊದಲು ನಿಮ್ಮ ವಿಗಾರರಿಗೆ ಒಂದು ಮಾತು ಹೇಳಿ.

ಅಲ್ಲೂ ಆಗದಿದ್ದರೆ ಬಿಷಪರಿಗೆ ಪತ್ರ. ಬರೆಯಬಹುದಾ ಅಂತ ಕೇಳಿದ್ದೀರಿ. ಕಾನೂನು 212 ಅದನ್ನು ನಿಮ್ಮ ಹಕ್ಕು ಅನ್ನುತ್ತದೆ, ಕೆಲವು ಸಲ ಕರ್ತವ್ಯ ಅಂತಲೂ ಅನ್ನುತ್ತದೆ. ಗೌರವದಿಂದ ಬರೆಯಬೇಕು, ಅಷ್ಟೆ. ಇಂಥ ಪತ್ರಗಳನ್ನು ನಾನು ಬಹಳ ಓದಿದ್ದೇನೆ. ಒಂಬತ್ತು ಪುಟ, ಕೆಂಪು ಶಾಯಿಯಲ್ಲಿ ಬೈಬಲ್ ವಾಕ್ಯ, ದೆಹಲಿಯ ಪೋಪರ ರಾಯಭಾರಿಗೆ ಒಂದು ಪ್ರತಿ, ರೋಮಿಗೆ ಒಂದು ಪ್ರತಿ. ಅವು ಕಪಾಟು ಸೇರುತ್ತವೆ. ಹೆಸರಿಲ್ಲದ ಪತ್ರ ಬುಟ್ಟಿ ಸೇರುತ್ತದೆ. ಕೆಲಸ ಮಾಡಿದ್ದು ನನಗೆ ನೆನಪಿರುವ ಒಂದು ಪತ್ರ, ಒಂದೇ ಪುಟದ್ದು. ಯಾವ ದಿನ, ಎಲ್ಲಿ, ಕೇಳಿಸಿಕೊಂಡ ಮಾತು ಇದು, ಮಕ್ಕಳು ಕೇಳಿದ ಪ್ರಶ್ನೆ ಇದು, ನಾನು ಏನು ಕಲಿಸಬೇಕು ದಯವಿಟ್ಟು ತಿಳಿಸಿ, ಕೆಳಗೆ ಸಹಿ. ಬಿಷಪರು ಎರಡೇ ವಾರದಲ್ಲಿ ಪತ್ರ ಬರೆದವರನ್ನು ಕರೆಸಿ ಮಾತಾಡಿದರು. 'ಪಾಷಂಡಿ' ಎಂಬ ಪದ ಮಾತ್ರ ಬರೆಯಬೇಡಿ. ಘೋಷಿತ ಸತ್ಯವನ್ನು ಹಟ ಹಿಡಿದು ಅಲ್ಲಗಳೆಯುವುದಕ್ಕೆ ಆ ಹೆಸರು, ಶಿಬಿರದ ಫಾದರ್ ಹೇಳಿದ್ದು ಅದಲ್ಲ. ಒಬ್ಬರ ಒಳ್ಳೆಯ ಹೆಸರು ಕೆಡಿಸದಿರುವುದೂ ಕಾನೂನೇ (220). ಉತ್ತರ ತಡವಾಗಬಹುದು, ಬಾರದೆಯೂ ಇರಬಹುದು. ಅದಕ್ಕೆ ಸಿದ್ಧರಾಗಿ ಬರೆಯಿರಿ.

ಬೇರೆ ಇಗರ್ಜಿಗೆ ಹೋಗುವ ಯೋಚನೆ ಬಂದಿದ್ದರೆ, ಪೂಜೆಗೆ ಎಲ್ಲಿಗೂ ಹೋಗಬಹುದು, ಅದರಲ್ಲಿ ಏನೂ ಇಲ್ಲ. ಆದರೆ ಸಿಟ್ಟಿನಲ್ಲಿ ಮನೆ ಬಿಡುವ ಮೊದಲು ಒಮ್ಮೆ ಬ್ರಹ್ಮಾವರದ ಕಡೆ ನೋಡಿ, ನಿಮಗೆ ದೂರವಲ್ಲ. ಅಲ್ಲಿ ಕೊಂಕಣಿ ಮಾತಾಡುವ, ನಮ್ಮವೇ ಮನೆತನದ ಹೆಸರುಗಳಿರುವ ಕುಟುಂಬಗಳು ಆರ್ಥೊಡಾಕ್ಸ್ ಸಿರಿಯನ್ ಸಭೆಯಲ್ಲಿವೆ. ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ಕರಾವಳಿಯ ಇಗರ್ಜಿಗಳು ಪೋರ್ಚುಗೀಸರ ಪದ್ರುವಾದೊ (ಪೋರ್ಚುಗಲ್ ರಾಜರಿಗೆ ಇಗರ್ಜಿಗಳ ಮೇಲಿದ್ದ ಅಧಿಕಾರ) ಕೆಳಗೋ, ರೋಮಿನ ಪ್ರೊಪಗಾಂಡ (ಧರ್ಮಪ್ರಸಾರದ ಇಲಾಖೆ) ಕೆಳಗೋ ಎಂಬ ದೊಡ್ಡ ಜಗಳ ಇತ್ತು. 1886ರಲ್ಲಿ ರೋಮ್ ಮತ್ತು ಪೋರ್ಚುಗಲ್ ಒಪ್ಪಂದ ಮಾಡಿಕೊಂಡವು. ಗೋವೆಯ ಕೆಳಗೇ ಇರಬೇಕು ಅನ್ನುತ್ತಿದ್ದವರಿಗೆ ಅದು ಸಹಿಸಲಿಲ್ಲ. ಗೋವೆಯ ಫಾದರ್ ಆಲ್ವಾರಿಸ್ 1889ರಲ್ಲಿ ಕೇರಳದಲ್ಲಿ ಸಿರಿಯನ್ ಬಿಷಪರಿಂದ ಬಿಷಪ್ ದೀಕ್ಷೆ ಪಡೆದು ಮಾರ್ ಜೂಲಿಯಸ್ ಆದರು. ಬ್ರಹ್ಮಾವರದಲ್ಲಿ ಫಾದರ್ ನೊರೊನ್ಹಾ ಜನರನ್ನು ಮುನ್ನಡೆಸಿದರು. ಜಗಳ ದೇವರ ಬಗ್ಗೆ ಆಗಿರಲಿಲ್ಲ, ತಲೆಯ ಮೇಲೆ ಯಾರಿರಬೇಕು ಎಂಬುದರ ಬಗ್ಗೆ. ಅವರ ನೋವು ಸುಳ್ಳು ಅಂತ ನಾನು ಹೇಳುವುದಿಲ್ಲ. ಆಲ್ವಾರಿಸರು ಗೋವೆಯಲ್ಲಿ ರೋಗಿಗಳಿಗೆ, ಬಡವರಿಗೆ ಮಾಡಿದ ಸೇವೆಯನ್ನು ಜನ ಈಗಲೂ ನೆನೆಯುತ್ತಾರೆ. ಆ ಮನೆಗಳ ಈಗಿನವರು ಒಳ್ಳೆಯ ಕ್ರೈಸ್ತರು, ನಮ್ಮ ನೆರೆಹೊರೆ. ಆದರೆ ಯಾವ ಒಪ್ಪಂದಕ್ಕೆ ಸಿಟ್ಟು ಬಂತೋ ಅದರ ನೆನಪು ಕೂಡ ಇವತ್ತು ಬಹಳ ಜನಕ್ಕೆ ಇಲ್ಲ. ಒಂದೇ ಪೀಠದ ಮುಂದೆ ನಿಲ್ಲಲಾಗದಿರುವುದು ಮಾತ್ರ ಉಳಿದಿದೆ.

ಕಲಿಸುವುದನ್ನು ಬಿಡಬೇಕಾ? ಈಗ ಬೇಡ. ಯಾವುದಾದರೂ ಬೋಧನೆಯನ್ನು ಓದಿ, ಕೇಳಿ, ಪ್ರಾರ್ಥಿಸಿದ ಮೇಲೂ ಸುಳ್ಳು ಅಂತಲೇ ಅನಿಸಿದರೆ, ಆಗ ವಿಗಾರರಿಗೆ ಹೇಳಿ ಸಣ್ಣ ಮಕ್ಕಳ ತರಗತಿ ತೆಗೆದುಕೊಳ್ಳಿ. ನಂಬದ್ದನ್ನು ನಂಬಿದ ಹಾಗೆ ಕಲಿಸುವುದೂ ಬೇಡ, ಧರ್ಮಸಭೆ ಕೊಟ್ಟ ಕುರ್ಚಿಯಲ್ಲಿ ಕೂತು ಅದರ ವಿರುದ್ಧ ಕಲಿಸುವುದೂ ಬೇಡ. ನಿಮ್ಮ ಯಜಮಾನರಿಗೆ ಹೇಳಿ, ಇದು ಊರಿನ ಉಸಾಬರಿ ಅಲ್ಲ, 14 ವರ್ಷದ ಮನೆಗೆಲಸ ಅಂತ.

ಕೊನೆಗೆ ವಾಟ್ಸಾಪ್. ಅಲ್ಲಿ ಉತ್ತರ ಬರೆಯಬೇಡಿ. ನೀವು ಒಂದು ಪ್ಯಾರಾ ಬರೆಯುವಷ್ಟರಲ್ಲಿ ಅವರು ಮೂರು ವಿಡಿಯೊ ಹಾಕಿರುತ್ತಾರೆ. ಗಲ್ಫ್‌ನಿಂದ ಬಂದವರನ್ನು ಪೂಜೆ ಮುಗಿದ ಮೇಲೆ ಹೊರಗೆ ಸಿಕ್ಕಾಗ ಮಾತಾಡಿಸಿ, ಮನೆಯವರ ಆರೋಗ್ಯ ಕೇಳಿ. ಇಷ್ಟು ಸಿಟ್ಟಿನ ಹಿಂದೆ ಆಗಾಗ ಬೇರೆಯೇ ಒಂದು ಒಂಟಿತನ ಇರುತ್ತದೆ. ಗುಂಪಿನಿಂದ ಹೊರಗೆ ಬಂದರೆ ಬನ್ನಿ, ಪಾಪವೇನಲ್ಲ. ಪೂಜೆಯ ಸಮಯ ಇಗರ್ಜಿಯ ಬಾಗಿಲಲ್ಲಿ ಬರೆದಿರುತ್ತದೆ. ಮರಣದ ಸುದ್ದಿಗೆ ವಾರ್ಡಿನ ಗುರಿಕಾರರಿದ್ದಾರೆ, ಇಗರ್ಜಿಯ ಗಂಟೆ ಇದೆ.